ಹಾಲಿನ ಚೀಲದ ದೆವ್ವ, ಸಗಣಿಯ ಭೀಮ

ಹೂಬತ್ತಿ ಹೊಸೆಯಲು ಕೂತರೆ ಡಬ್ಬಿಯಲ್ಲಿ ಅರಳೆ ಇರಲಿಲ್ಲ. ಹುಬ್ಬಳ್ಳಿಯಿಂದ ಬರುವಾಗ ಸೂಟ್‌ಕೇಸಿನ ಅರ್ಧ ಜಾಗ ತಿಂದಿದ್ದ ಅರಳೆ ಅದು. ಬೀಜ ಬಿಡಿಸಿ, ಹಿಂಜಿ, ಹಳೆಯ ದಿಂಬಿನ ಚೀಲಕ್ಕೆ ತುಂಬಿ ತಂದದ್ದು. ಕಸ್ಟಮ್ಸಿನವನು ಹಿಚುಕಿ ಹಿಚುಕಿ ನೋಡಿ ಬಿಟ್ಟಿದ್ದ. ಮನೆಯೆಲ್ಲ ಹುಡುಕಿ, ಕೊನೆಗೆ ಮುಂಬಾಗಿಲು ತೆರೆದು ನೋಡುತ್ತೇನೆ: ನನ್ನ ಅರಳೆ ಪೋರ್ಚಿನ ಕಂಬಕ್ಕೆ, ರೇಲಿಂಗಿಗೆ, ಕಾಲಿಂಗ್ ಬೆಲ್ಲಿಗೆ ಅಡರಿಕೊಂಡಿದೆ. ಸೊಸೆ ಶ್ರುತಿ ಸ್ಟೂಲಿನ ಮೇಲೆ ನಿಂತಿದ್ದಾಳೆ. ಮೊಮ್ಮಗಳು ಇರಾ ಕೆಳಗಿನಿಂದ ತುಂಡು ತುಂಡು ಹರಿದು ಕೊಡುತ್ತಿದ್ದಾಳೆ.

“ಏನ್ ಮಾಡ್ಲಿಕ್ಕೆ ಹತ್ತೀರಿ ಇದು?”

“ಕಾಬ್‌ವೆಬ್ಸ್, ಅಜ್ಜಿ! ಸ್ಪೂಕಿ, ರೈಟ್?”

“ಸಾರಿ ಅತ್ತೆ, ನಿಮ್ಮನ್ನ ಕೇಳ್ಬೇಕಿತ್ತು,” ಎಂದಳು ಶ್ರುತಿ. ಅವಳು ಬೆಂಗಳೂರಿನವಳು, ಕೆಲಸ ಮುಗಿದ ಮೇಲೆ ಪರ್ಮಿಷನ್ ಕೇಳುವುದು ಆ ಊರಿನ ಪದ್ಧತಿ. “ವಿಡಿಯೋದಲ್ಲಿ ಕಾಟನ್ ಇದ್ರೆ ಸಾಕು ಅಂತ ತೋರ್ಸಿದ್ರು. ಅಂಗಡೀದೆಲ್ಲಾ ಬರೀ ಪ್ಲಾಸ್ಟಿಕ್ಕು. ಈ ಸಲ ಹ್ಯಾಲೊವೀನ್‌ಗೆ ನಮ್ದು ಎಲ್ಲಾ ಹೋಮ್‌ಮೇಡ್.”

ಜೇಡರ ಬಲೆ! ನೀವೇ ಹೇಳಿ, ದೀಪಾವಳಿ ಹತ್ತಿರ ಬಂತೆಂದರೆ ನಾವೇನು ಮಾಡುತ್ತಿದ್ದೆವು? ನನ್ನ ಅವ್ವ ತಲೆಗೆ ಹಳೆಯ ಸೀರೆಯ ಚೂರು ಕಟ್ಟಿಕೊಂಡು, ಬಿದಿರು ಗಳಕ್ಕೆ ಪೊರಕೆ ಬಿಗಿದು, ಮನೆಯ ಮೂಲೆ ಮೂಲೆ ಝಾಡಿಸುತ್ತಿದ್ದಳು. ಒಂದೇ ಒಂದು ಎಳೆ ಉಳಿದರೂ ಹಬ್ಬಕ್ಕೆ ಬಂದ ಸೋದರತ್ತೆ ಅದನ್ನೇ ನೋಡುತ್ತಾ ಹೋಳಿಗೆ ತಿನ್ನುತ್ತಿದ್ದಳು. ಜನ್ಮವಿಡೀ ಬಲೆ ತೆಗೆದು ಬಂದ ನಾನು, ಕೆನಡಾದ ಈ ರಿಚ್ಮಂಡ್ ಹಿಲ್ಲಿಗೆ ಬಂದು, ಅದೇ ಹಬ್ಬದ ವಾರದಲ್ಲಿ, ಮನೆಯ ಸೊಸೆ ಸ್ಟೂಲು ಹತ್ತಿ ಬಲೆ ಕಟ್ಟುವುದನ್ನು ನೋಡಬೇಕಾಯಿತು. ಅದಾದರೂ ಬಲೆಯಂತಿತ್ತೇ? ಹರಿದ ಕೌದಿಯನ್ನು ನಾಯಿ ಎಳೆದಾಡಿದಂತಿತ್ತು. ಕೆಟ್ಟ ಕೆಲಸವನ್ನಾದರೂ ನೀಟಾಗಿ ಮಾಡಬೇಡವೇ? ಕಾನ್ವೆಂಟಿನಲ್ಲಿ ಕಲಿತವಳು ನಾನು. ಶ್ಯಾಬಿ ವರ್ಕ್ ನೋಡಿದರೆ ಈಗಲೂ ಅಂಗೈ ತುರಿಸುತ್ತದೆ.

“ಇಳಿ ಕೆಳಗ,” ಎಂದೆ. ಬೆರಳಿಗೆ ವಿಭೂತಿ ಹಚ್ಚಿಕೊಂಡು ಅರಳೆಯನ್ನು ಎಳೆ ಎಳೆಯಾಗಿ ಜಗ್ಗಿ ತೋರಿಸಿದೆ. ಸಾವಿರ ಬತ್ತಿ ಹೊಸೆದ ಕೈ. ಅರ್ಧ ಗಂಟೆಯಲ್ಲಿ ನಮ್ಮ ಪೋರ್ಚು ಯಾರೂ ವಾಸವಿಲ್ಲದ ಮನೆಯಂತಾಯಿತು.

“ಅಜ್ಜಿ, ಯು ಆರ್ ಅ ಪ್ರೊ!” ಎಂದಳು ಇರಾ.

ಏನನ್ನು ಹಳಿಯುತ್ತಿದ್ದೆನೋ ಅದನ್ನೇ ಮಾಡಿ ಮುಗಿಸಿದ್ದೆ. ಸ್ವಭಾವ. ಏನು ಮಾಡುವುದು.

ಇನ್ನು ದೆವ್ವಗಳ ವಿಚಾರ. ವಿಡಿಯೋದ ಹೆಣ್ಣುಮಗಳು ಅಮೆರಿಕದವಳು. “ಟೇಕ್ ಆ್ಯನ್ ಎಂಪ್ಟಿ ಮಿಲ್ಕ್ ಜಗ್,” ಎಂದು ಹಲ್ಲೆಲ್ಲ ತೋರಿಸಿ ನಕ್ಕಳು. ಅಲ್ಲಿ ಹಾಲು ಬರುವುದು ಹಿಡಿಕೆಯಿರುವ ದೊಡ್ಡ ಡಬ್ಬದಲ್ಲಂತೆ. ಅದಕ್ಕೆ ಕಣ್ಣು ಬಾಯಿ ಬರೆದು, ಒಳಗೊಂದು ಸಣ್ಣ ಲೈಟು ಇಟ್ಟರೆ ದೆವ್ವ. ನಮ್ಮ ಒಂಟಾರಿಯೊದಲ್ಲಿ ಹಾಲು ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಥೇಟು ಹುಬ್ಬಳ್ಳಿಯ ಹಾಲಿನ ಪಾಕೀಟಿನ ಹಾಗೆ. ಡಬ್ಬಕ್ಕೆ ಹೆಗಲಿದೆ, ನೆಟ್ಟಗೆ ನಿಲ್ಲುತ್ತದೆ. ಚೀಲಕ್ಕೆ ಏನಿದೆ? ಆದರೂ ಶ್ರುತಿ ಬಿಡಲಿಲ್ಲ. ಚೀಲ ತೊಳೆದು, ಬೇಸ್‌ಮೆಂಟಿನಲ್ಲಿ ಒಣಹಾಕಿ, ಒಳಗೆ ಅಂಗಡಿಯ ಜಾಹೀರಾತು ಕಾಗದ ತುರುಕಿ, ಮಾರ್ಕರಿನಲ್ಲಿ ಮುಖ ಬರೆದು ಸಾಲಾಗಿ ತೂಗುಹಾಕಿದಳು. ನೋಡಿದರೆ ದೆವ್ವಗಳಲ್ಲ, ತಮ್ಮದೇ ತಿಥಿಯ ಊಟ ಉಂಡು ಹೊಟ್ಟೆ ಉಬ್ಬರಿಸಿಕೊಂಡ ಬೀಗರು. ಹತ್ತಿರ ಹೋದರೆ ಹುಳಿ ಹಾಲಿನ ನಾತ ಬೇರೆ.

ಮೊಟ್ಟೆಯ ಟ್ರೇ ಕತ್ತರಿಸಿ ಬಾವಲಿ ಮಾಡಿದರು. ಟಾಯ್ಲೆಟ್ ಪೇಪರಿನ ಕೊಳವೆಗೆ ಮೇಣ ಸುರಿದಂತೆ ಅಂಟು ಸುರಿದು ಕ್ಯಾಂಡಲ್ ಮಾಡಿದರು. ಅದನ್ನು ನಾನು ಮುಟ್ಟಲಿಲ್ಲ. ಒಂದು ಸಂಜೆ ಶ್ರುತಿ ಬಂದು, ಮಾತು ಹೇಗೆ ಶುರು ಮಾಡುವುದೆಂದು ತಿಳಿಯದೆ ದುಪಟ್ಟಾದ ತುದಿ ತಿರುವುತ್ತಾ ನಿಂತಳು.

“ಅತ್ತೆ, ಮಾವನವರ ಹಳೇ ಪಂಚೆ ಒಂದಿದ್ರೆ... ದೊಡ್ಡ ದೆವ್ವಕ್ಕೆ...”

“ನಿಮ್ಮ ಮಾವ ಇದ್ದಾಗs ಯಾರನ್ನೂ ಹೆದರಿಸಿದವರಲ್ಲ. ಈಗ ಯಾಕ ಅವರಿಗೆ ಆ ಕೆಲಸ?” ಎಂದೆ. ಧೋತರ ಕೊಡಲಿಲ್ಲ. ಬೆಡ್‌ಶೀಟು ಕೊಟ್ಟೆ.

ಅಂದ ಹಾಗೆ, ಈ ಬಿಳಿ ಬಟ್ಟೆಯ ದೆವ್ವವನ್ನು ನೋಡಿದಾಗಲೆಲ್ಲ ನನಗೆ ಹೆದರಿಕೆಯಲ್ಲ, ನಮ್ಮ ಕ್ರಾಫ್ಟ್ ಟೀಚರು ಸಿಸ್ಟರ್ ಫಿಲೊಮಿನಾ ನೆನಪಾಗುತ್ತಾರೆ. ಮೇಲಿನಿಂದ ಕೆಳಗಿನವರೆಗೆ ಗಂಜಿ ಹಾಕಿದ ಬಿಳಿ, ಹೆಜ್ಜೆಯ ಸಪ್ಪಳವಿಲ್ಲ, ತಿರುಗಿ ನೋಡಿದರೆ ಬೆನ್ನ ಹಿಂದೆ. ಅವರ ಮಾತು ಮುಂದೆ ಬರುತ್ತದೆ, ತಡೆಯಿರಿ.

ಎದುರು ಮನೆಯ ಡೆಬ್ಬಿಯ ಅಂಗಳದಲ್ಲಿ ಹನ್ನೆರಡು ಅಡಿಯ ಅಸ್ಥಿಪಂಜರ ನಿಂತಿತ್ತು. ಕಣ್ಣಿನ ಗೂಡಿನಲ್ಲಿ ನೀಲಿ ಲೈಟು. ಪಕ್ಕದ ಮನೆಗಳಲ್ಲಿ ಗಾಳಿ ತುಂಬಿದ ಡ್ರ್ಯಾಗನ್ನು, ಗಾಳಿ ತುಂಬಿದ ಬೆಕ್ಕು. ರಾತ್ರಿಯೆಲ್ಲ ಮೆರೆದು ಬೆಳಿಗ್ಗೆ ಸ್ವಿಚ್ಚು ಆರಿಸಿದೊಡನೆ ಹುಲ್ಲಿನ ಮೇಲೆ ಕುಡುಕರ ಹಾಗೆ ಮಕಾಡೆ ಬಿದ್ದಿರುತ್ತಿದ್ದವು. ಸತ್ತವರನ್ನು ಹೀಗೆ ಆಟದ ಸಾಮಾನು ಮಾಡಿಕೊಂಡ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಕಾನ್ವೆಂಟಿನಲ್ಲೂ ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ಆಲ್ ಸೋಲ್ಸ್ ಡೇ ಬರುತ್ತಿತ್ತು. ಸಿಸ್ಟರುಗಳು ಬಕೆಟ್ಟು, ಬ್ರಷ್ಷು ಹಿಡಿದು ಸೆಮೆಟರಿಗೆ ಹೋಗಿ ಗೋರಿಗಳನ್ನು ತಿಕ್ಕಿ ತೊಳೆಯುತ್ತಿದ್ದರು. ಬಲೆ ಅಲ್ಲೂ ಇತ್ತು. ಅವರು ತೆಗೆಯುತ್ತಿದ್ದರು.

ಇಷ್ಟು ಬೈಯುವ ನಾನು ಆ ವಾರ ಪೂರ್ತಿ ಈ ಕೆಲಸದಲ್ಲೇ ಇದ್ದೆನೇಕೆ? ಅದಕ್ಕೆ ಕಾರಣ ಹೋದ ವರ್ಷದ ಸಂಜೆ.

ನಾವು ಈ ಬೀದಿಗೆ ಬಂದ ಮೊದಲ ಹ್ಯಾಲೊವೀನ್ ಅದು. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಚಾಕೊಲೇಟು ಕೇಳುವ ಸಂಜೆ. ಇರಾ ಮಾಟಗಾತಿಯ ಟೊಪ್ಪಿಗೆ ಹಾಕಿಕೊಂಡು, ನನ್ನ ಸ್ಟೀಲಿನ ಬೋಗುಣಿಯ ತುಂಬ ಚಾಕೊಲೇಟು ತುಂಬಿಕೊಂಡು ಬಾಗಿಲ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ತಾನು ಕೇಳಲು ಹೋಗುವುದಕ್ಕಿಂತ ಮನೆಗೆ ಬಂದವರಿಗೆ ಕೊಡುವುದೇ ಅವಳಿಗೆ ಇಷ್ಟ. ಆ ಗುಣ ಮಾತ್ರ ನಮ್ಮ ಕಡೆಯಿಂದ ಬಂದದ್ದು. ದಸರೆಯಿಂದ ಕಾರ್ತಿಕ ಮುಗಿಯುವವರೆಗೆ ನಾನು ಸಂಜೆ ಹೊಸ್ತಿಲಲ್ಲಿ ದೀಪ ಇಡುತ್ತೇನೆ. ಆ ದಿನ ಮಕ್ಕಳು ಬರುತ್ತಾರೆಂದು ರಂಗೋಲಿಯನ್ನೂ ದೊಡ್ಡದಾಗಿ ಹಾಕಿ, ಹಣತೆಗಳನ್ನು ಸಾಲಾಗಿ ಹಚ್ಚಿ, ಮಗ ಗಿರೀಶನಿಗೆ ಪೋರ್ಚಿನ ಲೈಟು ಆರಿಸಲು ಹೇಳಿದೆ. ಹಣತೆ ಕಾಣಬೇಕಾದರೆ ಕತ್ತಲೆ ಬೇಕಲ್ಲ?

ಮಕ್ಕಳ ಗುಂಪುಗಳು ಬಂದವು. ನಮ್ಮ ಡ್ರೈವ್‌ವೇ ತುದಿಯಲ್ಲಿ ನಿಂತವು, ನೋಡಿದವು, ಮುಂದೆ ಹೋದವು. ಸಪ್ಪಳ ಕೇಳಿದಾಗಲೆಲ್ಲ ಇರಾ ಎದ್ದು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಕೊನೆಗೆ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, “ಅಜ್ಜಿ, ಡು ದೇ ನಾಟ್ ಲೈಕ್ ಅಸ್?” ಎಂದು ಕೇಳಿದಳು.

“ಹಂಗೇನಿಲ್ಲ ಪುಟ್ಟಿ, ಅವಕ್ಕ ಮ್ಯಾನರ್ಸ್ ಇಲ್ಲ,” ಎಂದೆ. ನನಗೂ ಏನೂ ಅರ್ಥವಾಗಿರಲಿಲ್ಲ.

ಕೆಲವು ದಿನದ ಮೇಲೆ ಡೆಬ್ಬಿ ಎಲೆ ಗುಡಿಸುತ್ತಾ ನನ್ನನ್ನು ಕರೆದಳು. “ಯುವರ್ ಲಿಟಲ್ ಲ್ಯಾಂಪ್ಸ್ ವರ್ ಗಾರ್ಜಸ್, ಹನಿ. ಆದರೆ ಪೋರ್ಚ್ ಲೈಟು ಆರಿಸಿದ್ದಿರಲ್ಲ, ಹಾಗೆ ಮಾಡಿದರೆ ಈ ಮನೆಯಲ್ಲಿ ಕ್ಯಾಂಡಿ ಇಲ್ಲ, ಬರಬೇಡಿ ಅಂತ ಅರ್ಥ,” ಎಂದು ಅವಳ ಇಂಗ್ಲಿಷಿನಲ್ಲಿ ಮೆಲ್ಲಗೆ ತಿಳಿಸಿದಳು.

ನೋಡಿ ಮತ್ತೆ! ಹೊಸ್ತಿಲಲ್ಲಿ ದೀಪ ಉರಿಯುತ್ತಿದ್ದರೆ, ಅಂಗಳದಲ್ಲಿ ರಂಗೋಲಿ ನಗುತ್ತಿದ್ದರೆ, ಈ ಮನೆಯವರಿಗೆ ಜನ ಬೇಡ ಎಂದು ಓದಿಕೊಳ್ಳುವ ದೇಶ ಇದು. ಬಲ್ಬು ಉರಿದರೆ ಸ್ವಾಗತ.

ಈ ವರ್ಷ ಶಾಲೆ ಶುರುವಾದಾಗಿನಿಂದ ಇರಾಳದು ಒಂದೇ ಪ್ರಶ್ನೆ: “ದಿಸ್ ಇಯರ್ ದೇ ವಿಲ್ ಕಮ್, ರೈಟ್?” ಅಸ್ಥಿಪಂಜರ ಕೊಳ್ಳುವ ಮನೆ ನಮ್ಮದಲ್ಲ. ಅದಕ್ಕೇ ಹಾಲಿನ ಚೀಲ, ಮೊಟ್ಟೆಯ ಟ್ರೇ, ನನ್ನ ಅರಳೆ.

ಅಷ್ಟೆಲ್ಲ ಮಾಡಿದ್ದು ಹ್ಯಾಲೊವೀನಿನ ಹಿಂದಿನ ದಿನದ ಒಂದೇ ಮಳೆಗೆ ಹೋಯಿತು. ಅರಳೆಯ ಬಲೆ ನೆಲ ಒರೆಸುವ ಅರಿವೆಯಾಯಿತು. ಬಾವಲಿಗಳು ನೆನೆದು ಮುದ್ದೆಯಾಗಿ ಬಿದ್ದವು. ದೆವ್ವಗಳ ಮುಖದ ಮಸಿ ಇಳಿದು ಗಲ್ಲದ ಮೇಲೆ ಹರಿಯಿತು. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಜೋತುಬಿದ್ದವು. ಇರಾ ಕಿಟಕಿಗೆ ಮೂಗು ಒತ್ತಿ ಎದುರು ಮನೆಯ ನೀಲಿ ಕಣ್ಣುಗಳನ್ನು ನೋಡುತ್ತಿದ್ದಳು.

“ನೋಬಡಿ ಇಸ್ ಗಾನಾ ಸ್ಟಾಪ್, ಅಜ್ಜಿ.”

ಅಳಲಿಲ್ಲ. ಅತ್ತಿದ್ದರೆ ಒಂದು ಲಡ್ಡು ಕೊಟ್ಟು ಸುಮ್ಮನಾಗುತ್ತಿದ್ದೆನೇನೋ. ಎಂಟು ವರ್ಷದ ಕೂಸು ದೊಡ್ಡವರ ಹಾಗೆ ಉಸಿರು ಬಿಟ್ಟಿತು. ಅದನ್ನು ನನಗೆ ತಡೆಯಲಾಗಲಿಲ್ಲ.

“ನಡಿ ಬೇಸ್‌ಮೆಂಟಿಗೆ,” ಎಂದೆ. “ಮಳಿಗೆ ಹೆದರಲಾರದ್ದು ಒಂದು ಮಾಡೋಣು.”

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ದೀಪಾವಳಿಯ ಪಾಡ್ಯದ ದಿನ ನಮ್ಮಲ್ಲಿ ಬಾಗಿಲಿಗೆ ಪಾಂಡವರನ್ನು ಇಡುತ್ತಾರೆ. ಆಕಳ ಸಗಣಿಯ ಐದು ಗುಪ್ಪೆ. ತಳ ಅಗಲ, ತುದಿ ಚೂಪು. ಸುಣ್ಣ ಕೆಮ್ಮಣ್ಣಿನ ಬೊಟ್ಟು ಇಟ್ಟು, ಉತ್ತರಾಣಿ ಕಡ್ಡಿ ಚುಚ್ಚಿ, ನೆತ್ತಿಗೆ ಚೆಂಡು ಹೂ ಮುಡಿಸಿ ಹೊಸ್ತಿಲ ಬಳಿ ಕೂರಿಸಿದರೆ ಮನೆಗೆ ಕಾವಲು. ಎಲ್ಲರಿಗಿಂತ ದೊಡ್ಡದು ಭೀಮ. ಈ ವರ್ಷ ಪಾಡ್ಯ ಹ್ಯಾಲೊವೀನಿನ ಬೆನ್ನಿಗೇ ಬಂದಿತ್ತು. ಒಂದು ದಿನ ಮೊದಲು ಇಟ್ಟರೆ ಪಾಂಡವರೇನೂ ಬೇಸರಪಡುವುದಿಲ್ಲ. ವನವಾಸ ಮಾಡಿ ಬಂದವರು.

ಇಂಡಿಯನ್ ಅಂಗಡಿಯಲ್ಲಿ ಧೂಪಕ್ಕೆಂದು ತಂದ ಬೆರಣಿಯ ಪಾಕೀಟು ನನ್ನ ಬಳಿ ಇತ್ತು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಅದನ್ನು ನೆನೆಹಾಕಿದೆ. ಇರಾ ಬಗ್ಗಿ ನೋಡಿದಳು.

“ವಾಟ್ ಇಸ್ ಇಟ್?”

“ಆಕಳ ಸಗಣಿ.”

“ಲೈಕ್... ಪೂಪ್? ಪೂಪ್ ಪೂಪ್?”

“ಹೂಂ.”

ಬೆಳಗಿನಿಂದ ಮೊದಲ ಸಲ ಆ ಮುಖದಲ್ಲಿ ನಗು ಬಂತು. ತೋಳು ಮಡಚಿ ಕೈ ಹಾಕಿಯೇಬಿಟ್ಟಳು.

ಆಫೀಸಿನಿಂದ ಬಂದ ಗಿರೀಶ ವಾಸನೆಯ ಜಾಡು ಹಿಡಿದು ಮೆಟ್ಟಿಲಿಳಿದು ಬಂದ. “ಅವ್ವಾ, ಪಾಂಡವ್ರು?” ಎಂದ. ಟೈ ಕಟ್ಟಿದ ಕುತ್ತಿಗೆಯ ಮೇಲೆ ಒಂದು ಕ್ಷಣ ಐದನೇ ಇಯತ್ತೆಯ ಹುಡುಗನ ಮುಖ ಬಂದು ಹೋಯಿತು. ಹಿಂದೆಯೇ ಬಂದ ಶ್ರುತಿ ಮೂಗಿಗೆ ದುಪಟ್ಟಾ ಹಿಡಿದಿದ್ದಳು.

“ಅತ್ತೆ, ದಯವಿಟ್ಟು. ದೇವರ ಮನೇಲಿ ಇಡಿ, ಹಿತ್ತಲಲ್ಲಿ ಇಡಿ. ಮುಂಬಾಗ್ಲಲ್ಲಿ ಇಟ್ರೆ ಸ್ಕೂಲಲ್ಲಿ ಇವಳನ್ನ ಆಡ್ಕೋತಾರೆ. ಹೋದ ವರ್ಷ ಯಾರೂ ಬರ್ಲಿಲ್ಲ, ಈ ವರ್ಷ ಬಂದು ನಕ್ಕು ಹೋದ್ರೆ?”

“ಇನ್‌ಎಕ್ಸ್‌ಪೆನ್ಸಿವ್ ಅದ, ಹೋಮ್‌ಮೇಡ್ ಅದ, ಪ್ಲಾಸ್ಟಿಕ್ ಇಲ್ಲ. ನಿನ್ನ ವಿಡಿಯೋದಾಕಿ ಹೇಳಿದ್ದೆಲ್ಲಾ ಇದರಾಗ ಅದ,” ಎಂದೆ.

ಬಾಯಿ ಜೋರಿತ್ತು, ನಿಜ. ಆದರೆ ಅವಳ ಮಾತು ನನಗೆ ನಾಟದೆ ಇರಲಿಲ್ಲ. ಏಕೆಂದರೆ ಆ ಭಯ ನನಗೆ ಹಳೆಯ ಗೆಳತಿ.

ನಾನು ಏಳನೆಯ ಸ್ಟ್ಯಾಂಡರ್ಡಿನಲ್ಲಿದ್ದಾಗ ಒಮ್ಮೆ ದೀಪಾವಳಿಯ ಪಾಡ್ಯದಂದೇ ಸಿಸ್ಟರ್ ಫಿಲೊಮಿನಾ ಸ್ಕೂಲ್ ಡೇ ಇನ್ವಿಟೇಶನ್ ಹಿಡಿದು ನಮ್ಮ ಮನೆಗೆ ಬಂದುಬಿಟ್ಟರು. ಬೆಳ್ಳಗೆ ಗಂಜಿ ಹಾಕಿದ ಆ ಆಕೃತಿ ನಮ್ಮ ಹೊಸ್ತಿಲಲ್ಲಿ ನಿಂತಿತು; ಪಾದದ ಬಳಿ ಪಾಂಡವರು. ನಾನು ಲಂಗ ಹರಡಿಕೊಂಡು ಅಡ್ಡ ನಿಂತೆ. ಐದು ಜನರನ್ನು ಮುಚ್ಚುವಷ್ಟು ಅಗಲದ ಲಂಗ ಯಾರ ಹತ್ತಿರ ಇರುತ್ತದೆ? ಸಿಸ್ಟರ್ ನನ್ನನ್ನು ಮೆಲ್ಲಗೆ ಸರಿಸಿ, ಬಗ್ಗಿ, ಕನ್ನಡಕ ಏರಿಸಿಕೊಂಡರು.

“ಕ್ಲೇ ಮಾಡೆಲಿಂಗ್! ಹೌ ಚಾರ್ಮಿಂಗ್! ಯುವರ್ ಮದರ್ಸ್ ವರ್ಕ್?”

ಅವ್ವನಿಗೆ ಇಂಗ್ಲಿಷ್ ಬಾರದು. ಹೊಗಳಿಕೆ ಮಾತ್ರ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತಿತ್ತು. “ಎಸ್, ಎಸ್,” ಎಂದು ತಲೆಯಾಡಿಸಿದಳು. ಅಷ್ಟಕ್ಕೇ ಬಿಟ್ಟಳೇ? ಹಬ್ಬದ ದಿನ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು, ಅವರು ಅಷ್ಟು ಮೆಚ್ಚಿದ ಭೀಮನನ್ನೇ ಎತ್ತಿ ಮುತ್ತಲ ಎಲೆಯಲ್ಲಿಟ್ಟು ಅವರ ಕೈಗೆ ಕೊಟ್ಟಳು! ನೆಲ ಬಾಯಿ ಬಿಡಲಿ ಎಂದುಕೊಂಡೆ. ನಮ್ಮ ನೆಲ ಆಗಷ್ಟೇ ಸಾರಿಸಿದ್ದು, ಬಾಯಿ ಬಿಡಲಿಲ್ಲ.

ಭೀಮ ಕ್ರಾಫ್ಟ್ ರೂಮಿನ ಶೆಲ್ಫಿನಲ್ಲಿ ಪ್ಲಾಸ್ಟರಿನ ದೇವದೂತನ ಪಕ್ಕದಲ್ಲಿ ಕೂತ. ಆ ತಿಂಗಳು ಪೂರ್ತಿ ನಾನು ಕ್ರಾಫ್ಟ್ ಪೀರಿಯಡ್ಡಿನಲ್ಲಿ ತಲೆ ಎತ್ತಲಿಲ್ಲ. ಯಾರಾದರೂ ಮೂಗು ಮುರಿದರೆ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ಸಿಸ್ಟರ್ ನನ್ನ ಕಿವಿಯ ಬಳಿ, “ಡು ಟೆಲ್ ಯುವರ್ ಮದರ್, ಚೈಲ್ಡ್, ದಿ ಕ್ಲೇ ಇಸ್ ಕೀಪಿಂಗ್ ಬ್ಯೂಟಿಫುಲಿ,” ಎಂದರು. ಕ್ರಿಸ್‌ಮಸ್ ರಜೆ ಮುಗಿಸಿ ಬಂದಾಗ ಭೀಮ ಅಲ್ಲಿರಲಿಲ್ಲ. ಎಲ್ಲಿ ಹೋದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೇಸ್‌ಮೆಂಟಿನಲ್ಲಿ ಪಾಂಡವರು ತಯಾರಾದರು. ಉತ್ತರಾಣಿ ಇಲ್ಲ, ಹಿತ್ತಲ ಒಣಹುಲ್ಲು ಚುಚ್ಚಿದೆ. ಚೆಂಡು ಹೂ ಕುಂಡದಲ್ಲಿ ಮಂಜಿಗೆ ಬಾಡುವುದರಲ್ಲಿತ್ತು, ಕಿತ್ತು ತಂದೆ. ಇರಾ ತನ್ನ ಕ್ರಾಫ್ಟ್ ಡಬ್ಬಿಯಿಂದ ಗುಂಡಗೆ ಹೊರಳುವ ಪ್ಲಾಸ್ಟಿಕ್ ಕಣ್ಣುಗಳನ್ನು ತಂದಳು.

“ಪಾಂಡವರಿಗೆ ಕಣ್ಣು ಇಡೂದಿಲ್ಲ,” ಎಂದೆ.

“ದೆನ್ ಹೌ ವಿಲ್ ದೇ ಸೀ ಹೂ ಇಸ್ ಕಮಿಂಗ್?”

ಅವ್ವ ಈ ಪ್ರಶ್ನೆಗೆ ಏನು ಹೇಳುತ್ತಿದ್ದಳೋ. ನಾನು ಅಂಟಿನ ಸೀಸೆಯ ಮುಚ್ಚಳ ತೆಗೆದುಕೊಟ್ಟೆ. ಪಾಂಡವರಿಗೆ ಕಣ್ಣು ಬಂದವು. ಭೀಮನದು ಸ್ವಲ್ಪ ಮೆಳ್ಳೆಗಣ್ಣಾಯಿತು.

ಮರುದಿನ ಸಂಜೆ ಪೋರ್ಚಿನ ಬಲ್ಬು ಉರಿಯಿತು. ಅದರ ಕೆಳಗೆ ನನ್ನ ಹಣತೆಗಳು ಕಲೆಕ್ಟರನ ಮುಂದೆ ನಿಂತ ಜವಾನರಂತೆ ಮಂಕಾಗಿದ್ದವು. ಹೊಸ್ತಿಲ ಎರಡೂ ಕಡೆ ಪಾಂಡವರು. ಬಾಗಿಲಲ್ಲಿ ಟೊಪ್ಪಿಗೆ, ಬೋಗುಣಿ, ಇರಾ. ಹಿಂದೆ ಕುರ್ಚಿಯಲ್ಲಿ ನಾನು. ನನ್ನ ಹಿಂದೆ ಉಗುರು ಕಚ್ಚುವ ಶ್ರುತಿ.

ಮೊದಲ ಗುಂಪು ಡ್ರೈವ್‌ವೇ ತುದಿಯಲ್ಲಿ ನಿಂತಿತು. ಡೆಬ್ಬಿಯ ಅಸ್ಥಿಪಂಜರ ಕಂಡು ಹೋ ಎಂದು ಅತ್ತ ಓಡಿತು. ಎರಡನೆಯದೂ ಹಾಗೆಯೇ. ಇರಾ ಟೊಪ್ಪಿಗೆಯನ್ನು ಸರಿಮಾಡಿಕೊಳ್ಳುವುದನ್ನು ನಿಲ್ಲಿಸಿದಳು. ನಾನು ಮನಸ್ಸಿನಲ್ಲೇ ಭೀಮನನ್ನು ತರಾಟೆಗೆ ತೆಗೆದುಕೊಂಡೆ: ಕೂತಿದ್ದೀಯಲ್ಲೋ ಗುಡ್ಡದ ಹಾಗೆ, ಏನಾದರೂ ಮಾಡಬಾರದೆ?

ಆಗ ಒಂದು ಪುಟ್ಟ ಡೈನೋಸಾರು ಅಪ್ಪನ ಕೈ ಕೊಸರಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂತು. ಬೋಗುಣಿ ನೋಡಲಿಲ್ಲ. ಕೆಳಗೆ ನೋಡಿತು.

“ಡ್ಯಾಡ್! ಪೂಪ್!”

ಎಂಥೆಂಥ ವಿದ್ವಾಂಸರು ಕ್ಲೇ ಎಂದು ಹೋದದ್ದನ್ನು ಬಾಲವಿದ್ದ ಆ ಪ್ರಾಣಿ ಒಂದೇ ನೋಟಕ್ಕೆ ಗುರುತಿಸಿತು. ಅಪ್ಪನ ಮುಖ ಕೆಂಪಾಯಿತು. “ಐ ಆ್ಯಮ್ ಸೋ ಸಾರಿ, ಮ್ಯಾಮ್, ಅವನು...”

“ಇಸ್ ಇಟ್ ರಿಯಲ್?” ಎಂದು ಡೈನೋಸಾರು ಇರಾಳನ್ನು ಕೇಳಿತು.

ಶ್ರುತಿಯ ಕೈ ನನ್ನ ಕುರ್ಚಿಯ ಬೆನ್ನನ್ನು ಹಿಡಿಯಿತು. ಇರಾ ನನ್ನ ಕಡೆ ತಿರುಗಿ ನೋಡಿದಳು. ಹುಬ್ಬಳ್ಳಿಯ ಹೊಸ್ತಿಲಲ್ಲಿ ಲಂಗ ಹರಡಿಕೊಂಡು ನಿಂತಿದ್ದ ಹುಡುಗಿಗಿಂತ ಇವಳು ಇನ್ನೂ ಕೆಲವು ವರ್ಷ ಚಿಕ್ಕವಳು. ನಾನು ಸಹಾಯ ಮಾಡಲಿಲ್ಲ. ನನಗೆ ಗೊತ್ತಿದ್ದ ಉತ್ತರ, ಸಗಣಿಯನ್ನು ಕ್ಲೇ ಎಂದವರಿಗೆ ಅವ್ವ ಹೇಳಿದ ‘ಎಸ್, ಎಸ್’ ಒಂದೇ.

“ಯಾ,” ಎಂದಳು ಇರಾ, ಗದ್ದ ಎತ್ತಿ. “ಇಟ್ಸ್ ರಿಯಲ್. ಮೈ ಅಜ್ಜಿ ಮೇಡ್ ಇಟ್.”

ಡೈನೋಸಾರು ನನ್ನನ್ನು ನೋಡಿತು. ಕೆನಡಾದಲ್ಲಿ ಅಷ್ಟು ಗೌರವದಿಂದ ನನ್ನನ್ನು ಯಾರೂ ನೋಡಿಲ್ಲ. “ಶೀ ಮೇಡ್ ಇಟ್?”

ಕಾನ್ವೆಂಟು ಕಲಿಸಿದ ಇಂಗ್ಲಿಷು ಇಂಥ ಹೊತ್ತಿಗೆ ಬಾರದೆ ಮತ್ತೆ ಯಾವಾಗ ಬರಬೇಕು? “ದಿ ಕೌ ಮೇಡ್ ಇಟ್, ಡಿಯರ್,” ಎಂದೆ. “ಐ ಮೋಲ್ಡೆಡ್ ಇಟ್.”

ಅದು ಚಾಕೊಲೇಟು ಕೂಡ ತೆಗೆದುಕೊಳ್ಳದೆ ಬೀದಿಗೆ ಓಡಿತು. “ಗಾಯ್ಸ್! ದಿಸ್ ಹೌಸ್ ಹ್ಯಾಸ್ ರಿಯಲ್ ಪೂಪ್!”

ಆಮೇಲೆ ಏನು ಹೇಳಲಿ! ಅಸ್ಥಿಪಂಜರದ ಕಾಲ ಕೆಳಗಿದ್ದ ಗುಂಪು ಪೂರ್ತಿ ನಮ್ಮ ಅಂಗಳಕ್ಕೆ ನುಗ್ಗಿತು. ರಾಜಕುಮಾರಿಯರು, ಪೊಲೀಸರು, ಒಂದು ಪಿಜ್ಜಾ ತುಂಡು, ತಲೆಯಿಲ್ಲದ ಒಬ್ಬ ಮನುಷ್ಯ. ಎಲ್ಲರೂ ಸಾಲುಗಟ್ಟಿ ನಿಂತು ಬಗ್ಗಿ ಮೂಸಿ ನೋಡಿ ಕಿರುಚಿದರು. ಈ ಜನರ ಅಭಿರುಚಿಯ ಬಗ್ಗೆ ನನಗೆ ಮೊದಲೇ ಅನುಮಾನವಿತ್ತು, ಆ ಸಂಜೆ ಪುರಾವೆ ಸಿಕ್ಕಿತು. ದೀಪಕ್ಕೆ ಬಾರದವರು, ರಂಗೋಲಿಗೆ ಬಾರದವರು, ಸಗಣಿಗೆ ಬಂದರು. ಇರಾ ಒಬ್ಬೊಬ್ಬರಿಗೂ “ದಿಸ್ ಇಸ್ ಭೀಮ, ಡೋಂಟ್ ಟಚ್,” ಎಂದು ಪರಿಚಯ ಮಾಡಿಸಿ ಚಾಕೊಲೇಟು ಹಾಕುತ್ತಿದ್ದಳು. ಬೋಗುಣಿ ಬರಿದಾಯಿತು. ಶ್ರುತಿ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯಿಂದ ಬಿಸ್ಕತ್ತಿನ ಪಾಕೀಟು ಹೊತ್ತು ತಂದಳು.

“ಅತ್ತೆ, ಮುಂದಿನ ವರ್ಷ ಸ್ವಲ್ಪ ದೊಡ್ಡದಾಗಿ ಮಾಡೋಣ,” ಎಂದಳು. ಪರ್ಮಿಷನ್ ಕೇಳುವ ಧಾಟಿಯಲ್ಲೇ.

ಬೆಳಿಗ್ಗೆ ಎದ್ದು ನೋಡಿದರೆ ಪಾಂಡವರು ನಾಲ್ವರೇ ಇದ್ದರು.

“ಭೀಮ ಎಲ್ಲಿ?”

“ಐ ಗೇವ್ ಹಿಮ್ ಟು ಡೆಬ್ಬಿ,” ಎಂದಳು ಇರಾ, ಸೀರಿಯಲ್ ಜಗಿಯುತ್ತಾ. “ಶೀ ಟೋಲ್ಡ್ ಅಸ್ ಅಬೌಟ್ ದಿ ಲೈಟ್, ರೈಟ್? ಸೋ.”

ಅವ್ವ ಹುಬ್ಬಳ್ಳಿಯಲ್ಲಿ ಮಾಡಿದ್ದನ್ನು ಇವಳಿಗೆ ನಾನೆಂದೂ ಹೇಳಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿ ದಾಟಿದೆ. ಭೀಮ ಅಸ್ಥಿಪಂಜರದ ಪಾದದ ಬಳಿ ಚೆಂಡು ಹೂ ಮುಡಿದು ಕೂತಿದ್ದ. ಡೆಬ್ಬಿ ಕಾಫಿ ಮಗ್ಗು ಹಿಡಿದು ಹೊರಗೆ ಬಂದಳು.

“ಐ ಲವ್ ಹಿಮ್! ಎಂಥ ಚೆಂದದ ಕೆಲಸ. ಕ್ಲೇನಾ ಇದು?”

ಬಾಯಿ ತೆರೆದೆ. ಏಳನೆಯ ಸ್ಟ್ಯಾಂಡರ್ಡಿನ ಎದೆ ಮತ್ತೊಮ್ಮೆ ಧಸಕ್ಕೆಂದಿತು.

“ನೋ, ಡೆಬ್ಬಿ. ಕೌ ಡಂಗ್.”

ಡೆಬ್ಬಿ ಭೀಮನನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಗುಟುಕು ಕಾಫಿ ಕುಡಿದಳು. “ವೆಲ್,” ಎಂದಳು, “ಮೈ ರೋಸಸ್ ವಿಲ್ ಬಿ ಥ್ರಿಲ್ಡ್ ಇನ್ ದಿ ಸ್ಪ್ರಿಂಗ್.”

ಗುಲಾಬಿ! ನಮ್ಮ ಕಾನ್ವೆಂಟಿನ ಚಾಪೆಲಿನ ಹಿಂದೆ ಒಂದು ಸಾಲು ಗುಲಾಬಿ ಇತ್ತು. ತಟ್ಟೆಯಷ್ಟಗಲ ಹೂ ಬಿಡುತ್ತಿದ್ದವು. ಬಿಳಿ ತೋಳು ಮಡಚಿ, ಮಣ್ಣಿನಲ್ಲಿ ಮೊಣಕೈವರೆಗೆ ಕೈ ಹಾಕಿ ಅವನ್ನು ಬೆಳೆಸುತ್ತಿದ್ದವರು ಸಿಸ್ಟರ್ ಫಿಲೊಮಿನಾ. ದಿ ಕ್ಲೇ ಇಸ್ ಕೀಪಿಂಗ್ ಬ್ಯೂಟಿಫುಲಿಯಂತೆ! ಎಲಾ ಸಿಸ್ಟರೇ, ಎಲ್ಲ ಗೊತ್ತಿದ್ದೇ ಭೀಮನನ್ನು ಅಲ್ಲಿ ಇಳಿಸಿದಿರಾ! ಡೆಬ್ಬಿಯ ಅಂಗಳದಲ್ಲಿ ನಿಂತು ಒಬ್ಬಳೇ ನಕ್ಕೆ. ಡೆಬ್ಬಿ ಪಾಪ, ತನ್ನ ಜೋಕಿಗೆ ನಕ್ಕೆನೆಂದುಕೊಂಡಳು.

ಅಸ್ಥಿಪಂಜರವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿಯಾಗಿದೆ. ಡ್ರ್ಯಾಗನ್ನು, ಬೆಕ್ಕು ಗಾಳಿ ಬಿಟ್ಟುಕೊಂಡು ಗ್ಯಾರೇಜು ಸೇರಿವೆ. ನಮ್ಮ ಹಾಲಿನ ಚೀಲದ ದೆವ್ವಗಳು ಕಸದ ಲಾರಿ ಹತ್ತಿದವು, ಅವಕ್ಕೆ ಸದ್ಗತಿಯಾಗಲಿ. ನಿನ್ನೆ ಮೊದಲ ಹಿಮ ಬಿತ್ತು. ಅಂಗಡಿಯಿಂದ ತಂದ ಅರಳೆಯಲ್ಲಿ ಹೂಬತ್ತಿ ಹೊಸೆಯುತ್ತಾ ಕಿಟಕಿಯಿಂದ ನೋಡುತ್ತೇನೆ: ಡೆಬ್ಬಿಯ ಮೆಟ್ಟಿಲ ಪಕ್ಕದಲ್ಲಿ ಭೀಮ ಇನ್ನೂ ಕೂತಿದ್ದಾನೆ, ನೆತ್ತಿಯ ಮೇಲೆ ಬೆಳ್ಳನೆಯ ಟೊಪ್ಪಿಗೆ. ಒಂದು ಕಣ್ಣು ಎಲ್ಲೋ ಉದುರಿ ಹೋಗಿದೆ. ಉಳಿದದ್ದು, ಮೆಳ್ಳೆಗಣ್ಣೇ ಆದರೂ, ನಮ್ಮ ಬಾಗಿಲನ್ನೇ ನೋಡುತ್ತಿದೆ.